ಸುಮ್ಮನಿದ್ದರೆ ಹೂಂ ಅಂತ

ಅಯ್ಯಯ್ಯೋ, ಅಲ್ಲಿಗೆ ಹೋಗ್ಬೇಡ ಕಣೇ ರಕ್ಷಿ! ಅದು ಹಿತ್ತಲ ಬಾಗಿಲು... ತೆಗೆಯಲ್ಲ ಅದು. ಗೋಡೆ ಬೋಳಾಗಿ ಕಾಣ್ಬಾರ್ದು ಅಂತ ಸುಮ್ನೆ ಒಂದು ಬಾಗಿಲು ಬರ್ದಿದ್ದೀವಿ, ಅಷ್ಟೇ. ಹಿಂದಕ್ಕೆ ಬಾ. ಮೌಸ್ ಮೆಲ್ಲಗೆ ತಿರುಗ್ಸು... ಹಾಂ, ಹಂಗೆ. ಪಡಸಾಲೇಲಿ ಕುಸುಮನ ಗಂಡ ಕೂತಿದ್ದಾನಲ್ಲ, ಪೇಪರ್ ಹಿಡ್ಕೊಂಡು? ಅವನ ಮುಂದೆ ಹೋಗಿ ನಿಲ್ಲು. ಆಗ ಕಥೆ ಶುರುವಾಗುತ್ತೆ.

ಏನು? ನೀನೇ ಆಡ್ತೀಯಾ? ಆಡು, ಆಡು. ನಾನು ಬಾಯಿ ಬಿಡಲ್ಲ. ಆಫೀಸಲ್ಲೂ ಅದೇ ರೂಲು. ಹೊಸಬರನ್ನ ಕೂರಿಸಿ ಗೇಮ್ ಆಡಿಸುವಾಗ ಅದನ್ನ ಬರ್ದೋರು ಹಿಂದೆ ನಿಂತ್ಕೊಂಡು ಉಸಿರೆತ್ತದೆ ನೋಡ್ಬೇಕು. ಎಲ್ಲಿ ಎಡವ್ತಾರೆ, ಎಲ್ಲಿ ಆಕಳಿಸ್ತಾರೆ, ಎಲ್ಲಿ ಬೇಜಾರಾಗಿ ಎದ್ದು ಹೋಗ್ತಾರೆ... ಎಲ್ಲಾನೂ ಸುಮ್ನೆ ನೋಡ್ಬೇಕು. ನನ್ನ ಕೈಲಾಗಲ್ಲ ಕಣೇ ಅದು! ಹೋದ ಸಲ ಪ್ರಸಾದ್ ಏನ್ ಮಾಡ್ದ ಗೊತ್ತಾ? ನಮ್ ಓನರ್ ಆದೋನು, ಬಂದು ನನ್ನ ಬಾಯಿಗೆ ಪ್ಯಾಕಿಂಗ್ ಟೇಪ್ ಅಂಟಿಸ್ದ. ತಮಾಷೆಗಲ್ಲ, ನಿಜವಾಗ್ಲೂ! ಕೀಳುವಾಗ ಅರ್ಧ ಮೀಸೆ ಅದರ ಜೊತೇಲೇ ಬಂತು.

ನಗು, ನಗು. ಈ ವಾರದಲ್ಲಿ ನೀನು ನಕ್ಕಿದ್ದು ಇದೇ ಮೊದಲು.

ಯಾಕೆ ಗಡಿಯಾರ ನೋಡ್ತೀಯಾ? ಇನ್ನೂ ಟೈಮಿದೆ. ಐದು ಗಂಟೆವರೆಗೂ ಆಫೀಸಲ್ಲೇ ಇರ್ತೀನಿ ಅಂದಿದ್ದಾರಲ್ಲ ಆ ಮೇಡಂ? ಮತ್ತೆ? ಐದರೊಳಗೆ ಒಂದು ಫೋನ್ ಮಾಡಿ ಆ ಕೆಲಸಕ್ಕೆ ಬರ್ತೀನಿ ಅಂತಲೋ ಬರಲ್ಲ ಅಂತಲೋ ಹೇಳಿದ್ರಾಯ್ತು. ಕಲಬುರಗಿ ಎಲ್ಲಿಗೂ ಓಡಿಹೋಗಲ್ಲ. ಆ ಶಾಲೆನೂ ಓಡಿಹೋಗಲ್ಲ, ಆ ಕಿವಿ ಕೇಳದ ಮಕ್ಕಳೂ ಓಡಿಹೋಗಲ್ಲ. ಮೊದ್ಲು ನನಗಿದೊಂದು ಉಪಕಾರ ಮಾಡು. ಸೋಮವಾರ ಗೇಮ್ ಕೊಳ್ಳೋರು ಬರ್ತಾರೆ, ಅವರಿಗೆ ತೋರಿಸ್ಬೇಕು. ಅಷ್ಟರೊಳಗೆ ಇದನ್ನ ಒಂದು ಸಲಾನೂ ಆಡದೇ ಇರೋರು ಯಾರಾದ್ರೂ ಆಡಿ ನೋಡ್ಬೇಕು. ನಮ್ಮ ಆಫೀಸಲ್ಲಿ ಎಲ್ಲರೂ ಆಡಿ ಆಡಿ ಸವೆದೋಗಿದ್ದಾರೆ. ನೀನೋ, ಬರೀ ದನಿ ಕೊಟ್ಟಿದ್ದೀಯ, ಆಡಿಲ್ಲ. ನಿನ್ನಂಥೋಳು ನಂಗೆ ಇನ್ನೆಲ್ಲಿ ಸಿಗ್ಬೇಕು, ಹೇಳು?

ಅದು... ಅದು ಫಿರಂಗಿ ಕಣೇ. ಬೆಚ್ಚಿಬಿದ್ಯಾ? ದಸರಾ ಆನೆಗಳಿಗೆ ತಾಲೀಮು ಕೊಡ್ತಿದ್ದಾರೆ. ಸದ್ದಿಗೆ ಹೆದರಬಾರ್ದಲ್ಲ, ಅದಕ್ಕೆ. ಮೈಸೂರಲ್ಲಿದ್ದು ವರ್ಷಾ ವರ್ಷಾ ಕೇಳ್ತೀಯ, ಆದ್ರೂ ಬೆಚ್ಚಿಬೀಳ್ತೀಯ. ಆಡು ನೀನು.

ಈಗ ನೋಡು, ಗಂಡ ಕೇಳ್ತಿದ್ದಾನೆ: "ಸಂಜೆ ನನ್ನ ತಂಗಿ ಬರ್ತಾಳೆ, ಹೋಳಿಗೆ ಮಾಡ್ತೀಯಾ?" ಕೆಳಗೆ ಮೂರು ಉತ್ತರ ಬಂದ್ವಾ? ಮಾಡ್ತೀನಿ, ಇವತ್ತು ಆಗಲ್ಲ, ನೀವೂ ಸೇರಿದ್ರೆ ಮಾಡೋಣ. ಯಾವುದನ್ನಾದ್ರೂ ಒತ್ತು. ಇದೇ ನೋಡು ಇದರ ಗಮ್ಮತ್ತು. ಕಥೆ ಪುಸ್ತಕ ಆದ್ರೆ ಏನು? ನೀನು ಓದಿದ್ರೂ ನಡೆಯುತ್ತೆ, ಮುಚ್ಚಿಟ್ಟು ಮಲಗಿದ್ರೂ ಒಳಗಿರೋರಿಗೆ ಗೊತ್ತಾಗಲ್ಲ. ಸಿನಿಮಾದಲ್ಲಿ ಹೀರೋಯಿನ್ ತಪ್ಪು ಮನೆಗೆ ಹೋಗ್ತಾಳೆ, ನಾವು ಇಲ್ಲಿಂದ 'ಹೋಗ್ಬೇಡ್ವೇ' ಅಂತ ಕಿರುಚ್ಕೋಬೇಕು, ಅಷ್ಟೇ. ಇದ್ರಲ್ಲಿ ಹಂಗಲ್ಲ. ನೀನು ಕೈ ಹಾಕ್ದೆ ಕಥೆ ಮುಂದಕ್ಕೆ ಹೋಗಲ್ಲ. ನೀನೇ ಕುಸುಮ. ನೀನು ಹೇಳಿದ್ದೇ ಮಾತು, ನೀನು ನಡೆದಿದ್ದೇ ದಾರಿ. ಆಮೇಲೆ ಕುಸುಮಂಗೆ ಕೆಟ್ಟದಾಯ್ತು ಅನ್ಕೋ... ಬರ್ದೋರನ್ನ ಯಾರೂ ಬೈಯಲ್ಲ. ಅಯ್ಯೋ ನಾನೇ ಹಿಂಗೆ ಮಾಡ್ಬುಟ್ಟೆನಲ್ಲ ಅಂತ ಆಡಿದೋರೇ ಒದ್ದಾಡ್ತಾರೆ. ಅಲ್ಲೇ ಗೇಮ್ ಗೆಲ್ಲೋದು!

'ಇವತ್ತು ಆಗಲ್ಲ' ಒತ್ತಿದ್ಯಾ? ಹೂಂ... ಒತ್ತು, ತೊಂದ್ರೆ ಏನಿಲ್ಲ. ನೋಡು, ಗಂಡನ ಮುಖ ಸಪ್ಪಗಾಯ್ತು. ಅತ್ತೆ ಒಳಗಿಂದ ಬಂದ್ಲು. ಬೇಳೆ ನೆನೆ ಹಾಕಿ ಆಗಿದೆ ಅಂತಾಳೆ. ಈಗ ಕುಸುಮ ಅಡುಗೆಮನೆಗೆ ಹೋಗ್ತಾಳೆ.

ಹಾಂ, ಹೌದು. 'ಮಾಡ್ತೀನಿ' ಅಂದಿದ್ರೂ ಅಡುಗೆಮನೆಗೇ ಹೋಗ್ತಿದ್ಲು. ಮೂರನೇದು ಒತ್ತಿದ್ರೂ ಅಡುಗೆಮನೆನೇ. ಆದ್ರೆ ಗಂಡ ಅವಾಗ ಹಿಂದೆ ಹಿಂದೆ ಬಂದು ಬಾಗಿಲಲ್ಲಿ ನಿಂತ್ಕೋತಾನೆ. ಅಷ್ಟು ವ್ಯತ್ಯಾಸ ಇದೆ.

ಅಯ್ಯೋ, ಅದು ಮೋಸ ಅಲ್ಲ ಕಣೇ, ಕಸುಬು! ಒಂದೊಂದು ಉತ್ತರಕ್ಕೂ ಒಂದೊಂದು ಬೇರೆ ಕಥೆ ಕಟ್ಟೋಕೆ ಹೋದ್ರೆ ಎಷ್ಟು ಮನೆ ಕಟ್ಬೇಕು? ಎಷ್ಟು ಅತ್ತೆಯಂದಿರನ್ನ ಬರೀಬೇಕು? ನಾವಿರೋದೇ ಹೆಬ್ಬಾಳದಲ್ಲಿ ಬೇರಿಂಗ್ ಅಂಗಡಿ ಮೇಲೆ, ಒಂದು ಹಾಲ್‌ನಲ್ಲಿ ನಾಲ್ಕೈದು ಜನ. ಅದಕ್ಕೆ ಎಲ್ಲರೂ ಹಿಂಗೇ ಮಾಡೋದು. ದಾರಿ ಮೂರು ತೋರಿಸ್ತೀವಿ, ಒಂದೆರಡು ತಿರುವು ಆದ್ಮೇಲೆ ಮೂರನ್ನೂ ತಂದು ಒಂದೇ ಕಡೆ ಸೇರಿಸ್ತೀವಿ. ಆಡೋರಿಗೆ ತಾನೇ ಆರಿಸ್ಕೊಂಡೆ ಅಂತ ಅನ್ನಿಸ್ಬೇಕು. ಅನ್ನಿಸಿದ್ರೆ ಸಾಕು.

ಯಾಕೆ ಹಂಗೆ ನೋಡ್ತೀಯಾ? ಕುಸುಮನ ಸೀರೆನಾ? ಸೀರೆ ಸೆರಗು ಎಲ್ಲಾ ಹೆಂಗಸ್ರೂ ಹಂಗೇ ಸಿಗಿಸ್ಕೋತಾರೆ ತಾನೇ... ಹಿತ್ತಲ ಬಾಗಿಲ ಪಕ್ಕದ ಒಗೆಯೋ ಕಲ್ಲು? ಹಾಂ, ಅದು ಮಾತ್ರ ನಮ್ಮ ಮನೇದೇ. ಒಪ್ಪಿದೆ! ಮೂಲೆ ಒಡೆದಿದೆ ನೋಡು, ಅದರ ಫೋಟೋ ತೆಗೆದು ಕೊಟ್ಟಿದ್ದೆ ನಮ್ಮ ಹುಡುಗ್ರಿಗೆ. ಅಷ್ಟು ಬಿಟ್ರೆ ಇದು ನಮ್ಮ ಕಥೆ ಅಲ್ಲ. ಸಿದ್ಧಾರ್ಥನಗರದಲ್ಲಿ ಇಷ್ಟು ದೊಡ್ಡ ಪಡಸಾಲೆ ಯಾರ ಮನೇಲಿದೆ? ನಮ್ಮಮ್ಮ ನಿಂಗೆ ಯಾವತ್ತಾದ್ರೂ ಹೋಳಿಗೆ ಮಾಡು ಅಂದಿದ್ದಾಳಾ? ಪಾಪ, ಅವಳು ನಂಜನಗೂಡಲ್ಲಿ ಅವಳ ಪಾಡಿಗೆ ಇದ್ದಾಳೆ. ನಾನೇನಾದ್ರೂ ಕಾಲ್ ಮೇಲೆ ಕಾಲ್ ಹಾಕ್ಕೊಂಡು ಪೇಪರ್ ಓದ್ತೀನಾ? ಪೇಪರೇ ತರಿಸಲ್ಲ ನಾವು!

ಆಯ್ತು, ಮುಂದೆ. ಎರಡನೇ ಸೀನು. ನಾದಿನಿ ಬಂದ್ಲು. ಅವಳೇನೋ ಕೇಳ್ತಾಳೆ, ಒತ್ತು...

ಯಾಕೆ ಒತ್ತಲ್ಲ? ಒತ್ತೇ. ಕೆಳಗೆ ಹಳದಿ ಪಟ್ಟಿ ಸಣ್ಣಗಾಗ್ತಾ ಇದೆ ನೋಡು, ಅದು ಮುಗಿಯೋದ್ರೊಳಗೆ ಒತ್ತು... ಅಯ್ಯೋ, ಹೋಯ್ತು.

ಕೇಳಿಸ್ತಾ? "ಹೂಂ" ಅಂದ್ಲು. ನಿನ್ನದೇ ದನಿ! ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ? ಫ್ಯಾನ್ ಆಫ್ ಮಾಡಿ, ರಗ್ಗು ಹೊದ್ದುಕೊಂಡು, ಬೆವರು ಸುರಿಸ್ಕೊಂಡು ಕೂತಿದ್ಯಲ್ಲ ಅವತ್ತು, ನೆನಪಿದ್ಯಾ? ನಿದ್ದೆಗಣ್ಣಿನ ಹೂಂ, ಕೋಪದ ಹೂಂ, ಸಾರು ಕುದಿಯುವಾಗ ತಿರುಗಿ ನೋಡ್ದೆ ಹೇಳೋ ಹೂಂ... ಎಷ್ಟು ಥರ ಹೇಳಿಸ್ದೆ ನಿನ್ನ ಕೈಲಿ! ನಮ್ಮ ಆಫೀಸಲ್ಲಿ ಎಲ್ಲರೂ ಮೆಚ್ಕೊಂಡ್ರು. ಪ್ರಸಾದ್ ಅಂತೂ, ಶಿವಕಿರಣ್, ನಿಮ್ಮ ಮನೆಯವರು ಒಂದಕ್ಷರದಲ್ಲಿ ಇಡೀ ಸಂಸಾರ ಹೇಳ್ಬುಡ್ತಾರಲ್ರೀ ಅಂದ.

ಉಹೂಂ ಒಂದೇ ಒಂದು ಸಲ ಹೇಳಿಸಿದ್ದೆ. ಹೌದು. ಅದು ಎಲ್ಲಿ ಬರುತ್ತಾ? ಅದು... ಕೊನೇಲಿ ಹಾಕೋಣ ಅಂತಿದ್ವಿ, ಆಮೇಲೆ ಆ ಸೀನು ತೆಗೆದುಬಿಟ್ವಿ.

ನೋಡು, ಅದು ಹೆಂಗೆ ಅಂದ್ರೆ. ಆಡೋರು ಎಷ್ಟೋ ಸಲ ಏನೂ ಒತ್ತಲ್ಲ. ಯೋಚ್ನೆ ಮಾಡ್ತಾ ಕೂತಿರ್ತಾರೆ, ಇಲ್ಲಾಂದ್ರೆ ಕಾಫಿ ತರೋಕೆ ಎದ್ದು ಹೋಗಿರ್ತಾರೆ. ಅಷ್ಟಕ್ಕೆ ಕಥೆ ನಿಲ್ಲೋಕಾಗುತ್ತಾ? ಏನೋ ಒಂದು ಉತ್ತರ ಅಂತ ತಗೊಂಡು ಮುಂದೆ ಹೋಗ್ಬೇಕು. ಏನಂತ ತಗೋಬೇಕು ಅಂತ ಆಫೀಸಲ್ಲಿ ದೊಡ್ಡ ಚರ್ಚೆನೇ ಆಯ್ತು. ಒಬ್ಬ ಅಂದ, ಸುಮ್ನಿದ್ರೆ ಸುಮ್ನಿದ್ಲು ಅಂತಾನೇ ಇರ್ಲಿ, ಕೇಳಿದೋನು ಕಾಯ್ಲಿ ಅಂತ. ಇನ್ನೊಬ್ಬ ಅಂದ, ಇಲ್ಲ ಅಂತ ತಗೊಳ್ಳೋಣ ಅಂತ. ನಾನೇ ಹೇಳ್ದೆ, ಬೇಡಪ್ಪ, ಹೂಂ ಅಂತ ತಗೊಳ್ಳಿ, ಮನೇಲಿ ಹಂಗೇ ನಡೆಯೋದು ಅಂತ. ನಡೆಯಲ್ವಾ? ನಮ್ಮಿಬ್ಬರನ್ನೇ ತಗೋ. ಮದುವೆ ಆಗಿ ಇಷ್ಟು ವರ್ಷ ಆಯ್ತು, ಯಾವುದನ್ನ ನೀನು ಬಾಯಿಬಿಟ್ಟು ಹೇಳಿದ್ದೀಯ? ಈ ಮನೆ ನೋಡೋಕೆ ಬಂದಾಗ ಏನಂದೆ? ಏನೂ ಅನ್ಲಿಲ್ಲ. ನಾನು ಅರ್ಥ ಮಾಡ್ಕೊಂಡೆ. ಫ್ರಿಜ್ ತರುವಾಗ? ಏನೂ ಅನ್ಲಿಲ್ಲ. ಅರ್ಥ ಮಾಡ್ಕೊಂಡೆ. ಅದೇ ತಾನೇ ಸಂಸಾರ ಅಂದ್ರೆ? ಮುಖ ನೋಡಿದ್ರೆ ಗೊತ್ತಾಗ್ಬೇಕು.

ಈ ಮನೆ ನಿಂಗೆ ಇಷ್ಟ ಇರ್ಲಿಲ್ವಾ?

ಇಲ್ಲ, ಈಗ ನೀನು ತಲೆ ಆಡಿಸಿದ್ಯಲ್ಲ, ಅದಕ್ಕೆ ಕೇಳ್ದೆ. ಇಷ್ಟು ವರ್ಷ ಆದ್ಮೇಲೆ ಹೇಳ್ತೀಯಲ್ಲೇ! ಅವತ್ತೇ ಹೇಳ್ಬಾರ್ದಿತ್ತಾ? ಸರಿ ಬುಡು. ಈಗ ಅದು ಬೇಡ.

ಮುಂದಕ್ಕೆ ಆಡು. ಮತ್ತೆ ಒತ್ತಲ್ವಾ? ಬೇಕೂಂತ ಮಾಡ್ತಿದ್ದೀಯಾ? ...ನೋಡು, ಮತ್ತೆ ಹೂಂ. ಮೂರನೇದು. ಮತ್ತೆ ಹೂಂ. ಕೈ ಕಟ್ಕೊಂಡು ಕೂತ್ರೆ ಟೆಸ್ಟಿಂಗ್ ಹೆಂಗಾಗುತ್ತೆ ರಕ್ಷಿ? ನಿನ್ನ ಪಾಡಿಗೆ ನೀನು ಕೂತಿದ್ದೀಯ, ಕುಸುಮ ಅವಳ ಪಾಡಿಗೆ ಬದುಕ್ತಿದ್ದಾಳೆ. ಹೋಳಿಗೆ ಮಾಡಿದ್ಲು, ನಾದಿನಿಗೆ ತನ್ನ ರೇಷ್ಮೆ ಸೀರೆ ಕೊಟ್ಲು, ಈಗ ಮೇಲಿನ ಕೋಣೆ ಬಿಟ್ಟುಕೊಡ್ತಾಳೆ. ಎಲ್ಲಾ ನೀನು ಕೊಟ್ಟಿದ್ದೇ ಅಂತ ಗೇಮ್ ಬರ್ಕೊಳ್ಳುತ್ತೆ, ಗೊತ್ತಾಯ್ತಾ? ಆಮೇಲೆ ನಾನಲ್ಲ ಅನ್ನೋಹಾಗಿಲ್ಲ.

ಒಂದು ತಮಾಷೆ ಹೇಳ್ಲಾ? ಈ ಹಳದಿ ಪಟ್ಟಿ ನಂಗೆ ಹೊಳೆದಿದ್ದೇ ನಿನ್ನಿಂದ. ಮಕ್ಕಳಿಗೆ ಮಾತು ಕಲಿಸೋ ನಿಮ್ಮ ಕ್ಲಿನಿಕ್ಕಿಗೆ ಬಂದಿದ್ನಲ್ಲ ಒಂದಿನ, ನಿನ್ನನ್ನ ಕರ್ಕೊಂಡು ಬರೋಕೆ? ಮಾತು ಬರದ ಒಂದು ಪುಟ್ಟ ಮಗು ಎದುರಿಗೆ ಕೂತಿತ್ತು. ನೀನು ಒಂದು ಕೈಲಿ ಬಾಳೆಹಣ್ಣು, ಒಂದು ಕೈಲಿ ಬಿಸ್ಕತ್ತು ಹಿಡ್ಕೊಂಡು ಯಾವುದು ಬೇಕು ಅಂತ ಕೇಳ್ದೆ. ಕೇಳಿ ಸುಮ್ನೆ ಕೂತೆ. ಕೂತೆ ಅಂದ್ರೆ ಕೂತೆ! ನಂಗೇ ಹೊರಗೆ ನಿಂತು ಚಡಪಡಿಕೆ. ಅವರಮ್ಮ ತಡೀಲಾರ್ದೆ 'ಬಿಸ್ಕತ್ತು ಮೇಡಂ, ಅವನಿಗೆ ಬಿಸ್ಕತ್ತೇ ಇಷ್ಟ' ಅಂದ್ಬುಟ್ಲು. ನೀನು ಎಷ್ಟು ಬೈದೆ ಆ ಯಮ್ಮನ್ನ! ಅವನ ಬಾಯಿಂದ ಮಾತು ಕಿತ್ಕೋಬೇಡಿ, ಕಾಯಿರಿ, ಎಷ್ಟು ಹೊತ್ತಾದ್ರೂ ಕಾಯಿರಿ ಅಂತ. ಆಮೇಲೆ ಆ ಮಗು ಬಾಳೆಹಣ್ಣಿಗೆ ಕೈ ಹಾಕ್ತು, ಅವರಮ್ಮ ಬಾಯಿ ಬಿಟ್ಕೊಂಡು ನೋಡಿದ್ಲು. ಅವತ್ತು ಬಸ್ಸಲ್ಲಿ ಬರುವಾಗ ನಾನು ಯೋಚ್ನೆ ಮಾಡ್ದೆ, ಗೇಮಲ್ಲಿ ಇಂಥದ್ದೊಂದು ಕಾಯೋದು ಇರ್ಬೇಕು ಅಂತ.

ಹಾಂ... ನಾನು ಕಾಯೋದಕ್ಕೆ ಕೊನೆ ಇಟ್ಟೆ. ನೀನು ಇಡ್ಲಿಲ್ಲ. ಗೊತ್ತು. ಅದನ್ನ ಹೇಳ್ಬೇಕಾ? ಗೇಮಲ್ಲಿ ಎಷ್ಟು ಹೊತ್ತು ಅಂತ ಕಾಯೋದು?

ಎಲ್ಲಿಗೆ ಎದ್ದೆ? ಫೋನಾ? ಒಳಗೆ ಚಾರ್ಜಿಗೆ ಹಾಕಿದ್ದೀನಿ. ಪೂರ್ತಿ ಇಳಿದೋಗಿತ್ತು, ಅದಕ್ಕೆ ನಾನೇ ಹಾಕ್ದೆ. ಕೂತ್ಕೋ. ಇನ್ನೂ ನಾಲ್ಕೂವರೆ ಆಗಿಲ್ಲ. ಕಾಫಿ ಮಾಡ್ಲಾ? ನಾನೇ ಮಾಡ್ತೀನಿ. ಬೇಡ್ವಾ? ಇದೊಂದು ಸೀನ್ ಮುಗ್ಸು, ಆಮೇಲೆ ಯಾರ್ಗೆ ಬೇಕಾದ್ರೂ ಫೋನ್ ಮಾಡ್ಕೋ. ಕೂತ್ಕೋ ರಕ್ಷಿ. ದಮ್ಮಯ್ಯ ಅಂತೀನಿ.

ಹಾಂ. ಈಗ ಒಳ್ಳೇ ಹುಡುಗಿ.

ಅಷ್ಟಕ್ಕೂ ಅವಸರ ಏನು? ಹೋಗ್ಬೇಕೋ ಬೇಡ್ವೋ ಅಂತ ನಾವೇನು ಮಾತಾಡೇ ಇಲ್ವಾ? ನಿನ್ನೆ ಊಟಕ್ಕೆ ಕೂತಾಗ ಕೇಳಿದ್ನಲ್ಲ. ಕೇಳ್ದೆ ಕಣೇ! ಈ ಕಲಬುರಗಿ ವಿಷ್ಯ ಏನ್ ಮಾಡೋಣ ರಕ್ಷಿ, ಬಿಟ್ಬಿಡೋಣ್ವಾ, ಅಂತ ಕೇಳ್ದೆ. ನೀನು ಏನೂ ಹೇಳ್ಲಿಲ್ಲ. ಮುದ್ದೆ ಮುರೀತಾ ಕೂತಿದ್ದೆ.

ಕೇಳ್ಲಿಲ್ಲ ಅಂದ್ರೆ? ಅದ್ಯಾಕೆ ಹಂಗಂತೀಯಾ? ನಲ್ಲಿ ಬಿಟ್ಟಿದ್ರಲ್ಲ, ಸಂಪಿಗೆ ನೀರು ಬೀಳೋ ಸದ್ದು. ನಿಂಗೆ ಕೇಳಿಸಿರಲ್ಲ. ನಾನೂ ಗಟ್ಟಿಯಾಗಿ ಕೇಳ್ಲಿಲ್ವೇನೋ. ಆದ್ರೆ ಕೇಳಿದ್ದಂತೂ ನಿಜ. ನಿಂತು ಕೇಳ್ದೆ. ಇಲ್ಲಿ, ಈ ಬಾಗಿಲ ಹತ್ರ... ಊಟಕ್ಕೆ ಕೂತಾಗ ಅಂದ್ನಾ? ಊಟ ಮುಗಿಸಿ ಎದ್ದು, ಕೈ ತೊಳೆಯುವಾಗ. ಅದೆಲ್ಲಾ ಈಗ ಯಾಕೆ? ಎಲ್ಲಿ ನಿಂತಿದ್ದೆ ಅನ್ನೋದಾ ಮುಖ್ಯ?

ಆಡು. ಕುಸುಮ ಎಲ್ಲಿದ್ದಾಳೆ? ಮತ್ತೆ ಹಿತ್ತಲ ಬಾಗಿಲ ಹತ್ರ ಹೋದ್ಯಾ? ಎಷ್ಟು ಸಲ ಹೇಳ್ಬೇಕು, ಅಲ್ಲಿ ಏನೂ ಇಲ್ಲ! ಬಾಗಿಲು ಚಿತ್ರ ಅದು. ಅದಕ್ಕೆ ಚಿಲಕ ಇಲ್ಲ, ಕೀಲಿ ಇಲ್ಲ, ಆಚೆ ಕಡೆ ಬೀದಿನೂ ಇಲ್ಲ. ನಾವು ಬೀದಿ ಬರ್ದೇ ಇಲ್ಲ ಕಣೇ. ಯಾಕೆ ಬರೀಬೇಕು? ಕಥೆ ಪೂರ್ತಿ ಮನೆ ಒಳಗೇ ನಡೆಯುತ್ತೆ. ಹೊರಗೆ ಹೋಗೋದು ಕಥೇಲೇ ಇಲ್ಲ.

ಆ ಕಲ್ಲಿನ ಸಂದೀಲಿ ಯಾಕೆ ಅವಳನ್ನ ಒತ್ತುತ್ತಾ ಇದ್ದೀಯಾ? ಒಗೆಯೋ ಕಲ್ಲಿಗೂ ಗೋಡೆಗೂ ಮಧ್ಯೆ ಜಾಗ ಇಲ್ಲ. ನೋಡು, ಹೆಂಗೆ ಕಾಲು ಬಡೀತಾಳೆ ಪಾಪ. ಬಿಡೇ ಅವಳನ್ನ. ರಕ್ಷಿ, ಬಿಡು. ಹಂಗೆ ತಳ್ಳಿದ್ರೆ...

ಅಯ್ಯೋ!

ಎಲ್ಲೋದ್ಲು? ಗೋಡೆ ಒಳಗಿಂದ ತೂರ್ಕೊಂಡು ಹೋಗ್ಬುಟ್ಲಲ್ಲೇ!

ಇದು ಹೆಂಗಾಯ್ತು? ಆಫೀಸಲ್ಲಿ ಎಲ್ಲರೂ ಇಷ್ಟು ತಿಂಗಳು ಆಡಿದ್ದೀವಿ, ಒಬ್ಬರಿಗೂ ಸಿಗ್ಲಿಲ್ಲ ಈ ತೂತು. ನಿಂಗೆ... ಕೊಡು ಇಲ್ಲಿ ಮೌಸು. ಕೊಡು ಕಣೇ, ಮೊದಲಿಂದ ಶುರು ಮಾಡೋಣ. ಇದು ತಪ್ಪು. ಇಲ್ಲಿ ಏನೂ ಇಲ್ಲ, ನೋಡಿದ್ಯಲ್ಲ, ಬರೀ ಬಿಳಿ. ನೆಲ ಇಲ್ಲ, ಆಕಾಶ ಇಲ್ಲ. ಮನೆ ನೋಡು ಅಲ್ಲಿ, ಹಿಂದೆ, ರಟ್ಟಿನ ಡಬ್ಬಿ ಥರ ಕಾಣ್ತಿದೆ. ಗೋಡೆಗೆ ಹಿಂಭಾಗಾನೇ ಇಲ್ಲ. ಒಳಗೆ ಗಂಡ ಕೂತಿರೋದು ಇಲ್ಲಿಂದಾನೂ ಕಾಣುತ್ತೆ. ಕಾಣುತ್ತಾ? ಪೇಪರ್ ಹಿಡ್ಕೊಂಡೇ ಕೂತಿದ್ದಾನೆ. ಅವನಿಗೆ ಗೊತ್ತೇ ಆಗಿಲ್ಲ, ಇವಳು ಹೋಗಿದ್ದು.

ಯಾಕೆ ನಡೀತಾನೇ ಇದ್ದೀಯಾ? ಎಲ್ಲಿಗೆ ಹೋಗ್ತೀಯಾ? ಅಲ್ಲಿ ಯಾರೂ ಏನೂ ಕೇಳಲ್ಲ, ಯಾವ ಪಟ್ಟಿನೂ ಬರಲ್ಲ. ಕಥೆ ಇಲ್ಲ ಅಲ್ಲಿ.

ನಗ್ತಿದ್ದೀಯಾ? ...ಯಾಕೆ ನಗ್ತಿದ್ದೀಯಾ ರಕ್ಷಿ? ನಂಗೆ ಇದು ನಗೋ ವಿಷ್ಯ ಅಲ್ಲ. ಒಂದೊಂದು ಗೋಡೆನೂ ನಾವು ಕೂತು ಕಟ್ಟಿದ್ದು. ಸೋಮವಾರ ಆ ಜನದ ಮುಂದೆ ಇವಳು ಹಿಂಗೆ ಆಚೆ ನಡೆದುಬಿಟ್ರೆ? ಇದು ಮಾರಾಟ ಆಗ್ಲಿಲ್ಲ ಅಂದ್ರೆ ಪ್ರಸಾದ್ ಬಾಗಿಲು ಹಾಕ್ತಾನೆ. ಆಮೇಲೆ ನಾನು ಎಲ್ಲಿಗೆ ಹೋಗ್ಲಿ? ನಿಂಗೇನು, ಕಲಬುರಗಿಗೆ ಹೋಗ್ತೀಯ, ಒಂದು ವಿಭಾಗಕ್ಕೇ ಯಜಮಾನಿ ಆಗ್ತೀಯ, ಮಕ್ಕಳೆಲ್ಲಾ ಸುತ್ತಲೂ ಸೇರ್ಕೋತಾವೆ... ನಾನು? ನಾನು ಈ ಹಾಲ್‌ನಲ್ಲಿ ಕೂತ್ಕೊಂಡು ಏನ್ ಮಾಡ್ಲಿ? ನಂಗೆ ಭಯ ಆಗುತ್ತೆ ಕಣೇ. ನೀನು ಹೋಗ್ತೀಯ ಅನ್ನೋದಕ್ಕಲ್ಲ. ಹೋಗಿ, ಒಂದೆರಡು ತಿಂಗಳಾದ್ಮೇಲೆ, ಅಯ್ಯೋ ಇವನಿಲ್ದೆ ಹೋದ್ರೂ ಎಷ್ಟು ಆರಾಮಾಗಿದೆ ಅಂತ ನಿಂಗೆ ಅನ್ನಿಸಿಬಿಟ್ರೆ... ಅದಕ್ಕೆ. ಅದಕ್ಕೆ ಭಯ.

ಕೈ ಮುಟ್ಬೇಡ್ವಾ? ಸರಿ. ಮುಟ್ಟಲ್ಲ.

ಆದ್ರೆ ಒಂದ್ ಮಾತು ಹೇಳ್ತೀನಿ. ಇದೊಂದೇ ಅವಕಾಶ ಅಂತ ತಲೆ ಕೆಡಿಸ್ಕೋಬೇಡ. ಆ ಮೇಡಮ್ಮೂ ಅದನ್ನೇ ಅಂದ್ರು. ಮುಂದಿನ ವರ್ಷ ಮತ್ತೆ ಜಾಗ ಖಾಲಿಯಾಗ್ಬೋದು, ಅವಾಗ ತಿಳಿಸ್ತೀವಿ ಅಂತ, ತುಂಬಾ ಮರ್ಯಾದೆಯಾಗೇ...

...

ಯಾವ ಮೇಡಂ ಅಂದ್ರೆ... ನೀನೇ ಹೇಳಿದ್ಯಲ್ಲ. ಮೊನ್ನೆ. ಹಿಂಗಿಂಗೆ ಅಂದ್ರು ಅಂತ ನೀನೇ ಹೇಳ್ದಂಗಿತ್ತು.

ಹೇಳ್ಲಿಲ್ವಾ? ಹಂಗಾದ್ರೆ ನಂಗೇ ಏನೋ ನೆನಪು ತಪ್ಪಿರ್ಬೇಕು. ಇಲ್ಲ, ಬೇರೆ ಯಾರೋ ಅಂದ್ರು. ನಿಮ್ಮ ಕ್ಲಿನಿಕ್ಕಿನೋರು ಯಾರೋ.

ರಕ್ಷಿ?

ಏನಾದ್ರೂ ಅನ್ನೇ. ಇಷ್ಟು ಹೊತ್ತು ಗೊಣಗ್ತಿದ್ದೆ, ನಗ್ತಿದ್ದೆ, ತಲೆ ಆಡಿಸ್ತಿದ್ದೆ. ಈಗ ಏನೂ ಇಲ್ಲ. ಕಣ್ಣು ಕೂಡ ಮಿಟುಕಿಸ್ತಿಲ್ಲ. ಹಂಗೆ ನೋಡ್ಬೇಡ ನನ್ನನ್ನ. ಆ ಮಗೂನ ನೋಡ್ತಿದ್ಯಲ್ಲ, ಹಣ್ಣು ಹಿಡ್ಕೊಂಡು, ಹಂಗೇ ನೋಡ್ತಿದ್ದೀಯ. ನಂಗೆ ಏನೂ ಹೇಳೋಕಿಲ್ಲ. ಇಲ್ಲ ಅಂದ್ನಲ್ಲ.

ಅಯ್ಯೋ... ನೀನು ಸ್ನಾನಕ್ಕೆ ಹೋಗಿದ್ದೆ ಕಣೇ. ಬೆಳಿಗ್ಗೆ. ಫೋನ್ ಬಡ್ಕೋತಾನೇ ಇತ್ತು. ನಿಲ್ತು, ಮತ್ತೆ ಬಡ್ಕೊಳ್ತು. ನಾನು ಎತ್ತಿದ್ದೇ ತಪ್ಪಾ? ನಿಂಗೆ ಕೊಡೋಣ ಅಂತಾನೇ ಎತ್ತಿದ್ದು. ಬಚ್ಚಲ ಬಾಗಿಲವರೆಗೂ ಬಂದೆ, ನಿಜವಾಗ್ಲೂ ಬಂದೆ. ಒಳಗೆ ನೀರು ಹುಯ್ಕೊಳ್ಳೋ ಸದ್ದು... ಅಷ್ಟರಲ್ಲಿ ಆಯಮ್ಮ ನನ್ನನ್ನೇ ಕೇಳಿದ್ರು, ಏನ್ ತೀರ್ಮಾನ ಮಾಡಿದ್ರು ನಿಮ್ಮ ಮನೆಯವ್ರು, ಅಂತ. ಸಾಯಂಕಾಲದವರೆಗೆ ಟೈಮ್ ಕೊಟ್ಟಿದ್ದೀವಿ, ಅಷ್ಟ್ರೊಳಗೆ ಗೊತ್ತಾದ್ರೆ ನಮಗೂ ಅನುಕೂಲ ಅಂತ. ನಾನು...

ಆಗಲ್ಲ ಅಂತಿದ್ದಾಳೆ ಮೇಡಂ, ಅಂದೆ.

ಒಂದೇ ಮಾತು. ಅಷ್ಟೇ ಹೇಳಿದ್ದು. ಬಾಯಿಂದ ಬಂದ್ಬುಡ್ತು ರಕ್ಷಿ! ನಾನು ಏನು ಸುಳ್ಳು ಹೇಳ್ದೆ? ನಿನ್ನೆ ಕೇಳಿದ್ದೆ, ನೀನು ಸುಮ್ನಿದ್ದೆ. ಸುಮ್ನಿದ್ದೆ ಅಂದ್ರೆ ನಾನು ಏನಂತ ತಿಳ್ಕೋಬೇಕು? ನೀನೇ ಹೇಳು, ಏನಂತ ತಿಳ್ಕೋಬೇಕು?

ಎಲ್ಲಿಗೆ? ...ಹೋಗು. ಮಂಚದ ಪಕ್ಕದಲ್ಲಿದೆ, ಕಿಟಕಿ ಮೇಲೆ. ಚಾರ್ಜ್ ಆಗಿದೆ. ಬೆಳಿಗ್ಗೇನೂ ಇತ್ತು ಚಾರ್ಜು. ಇಳಿದೋಗಿದೆ ಅಂತ ಸುಮ್ನೆ ಹೇಳಿದ್ದು.

ಮಾಡು. ಮಾತಾಡು. ಏನ್ ಬೇಕಾದ್ರೂ ಹೇಳ್ಕೋ ಅವರ ಹತ್ರ. ನನ್ನ ಗಂಡ ಹಿಂಗೆ ಅಂತ ಹೇಳು, ಕೆಟ್ಟೋನು ಅಂತ ಹೇಳು, ನಂಗೇನೂ... ಇದೇನು, ಸ್ಪೀಕರ್ ಯಾಕೆ ಹಾಕ್ದೆ? ನನ್ನ ಮುಂದೆ ಯಾಕೆ ಇಟ್ಟೆ ಫೋನು?

ಬೇಡ ರಕ್ಷಿ. ನಾನ್ಯಾಕೆ? ನಿನ್ನ ಕೆಲಸ, ನೀನೇ ಮಾತಾಡು. ಬೆಳಿಗ್ಗೆ ನಮ್ಮೆಜಮಾನರು ಏನೋ ತಪ್ಪು ತಿಳ್ಕೊಂಡು ಹೇಳಿದ್ರು ಅನ್ನು, ಮುಗೀತು. ಸಣ್ಣ ವಿಷ್ಯ. ನಾನು ಪಕ್ಕದಲ್ಲೇ ಇರ್ತೀನಿ, ಬೇಕಾದ್ರೆ ಹೌದು ಅಂತೀನಿ... ರಿಂಗ್ ಆಗ್ತಿದೆ. ತಗೋ. ತಗೋಳೇ! ಎತ್ಬುಡ್ತಾರೆ ಈಗ. ನಾನೇನ್ ಹೇಳ್ಲಿ ಅವರಿಗೆ? ಬಾಯಿಬಿಟ್ಟು ಹೇಳು, ಏನ್ ಹೇಳ್ಬೇಕೋ ನೀನೇ ಹೇಳಿಕೊಡು, ಹಂಗೇ ಹೇಳ್ತೀನಿ... ರಕ್ಷಿ...

ಹಲೋ. ಹಾಂ... ನಮಸ್ಕಾರ ಮೇಡಂ. ಮೈಸೂರಿಂದ. ನಾನು ರಕ್ಷಿತಾ ಅವರ ಮನೆಯವರು, ಶಿವಕಿರಣ್. ಹೌದು ಮೇಡಂ, ಬೆಳಿಗ್ಗೆ ಮಾತಾಡಿದ್ದು ನಾನೇ. ಇಲ್ಲ, ಅವರು ಚೆನ್ನಾಗಿದ್ದಾರೆ. ಇಲ್ಲೇ ಇದ್ದಾರೆ, ಎದುರಿಗೇ ಇದ್ದಾರೆ. ಅದು ಮೇಡಂ... ಬೆಳಿಗ್ಗೆ ನಾನು ಹೇಳಿದ್ನಲ್ಲ, ಅವರಿಗೆ ಆಗಲ್ವಂತೆ ಅಂತ. ಅದನ್ನ ಅವರು ಹೇಳಿರ್ಲಿಲ್ಲ.

ಇಲ್ಲ. ತಪ್ಪು ತಿಳ್ಕೊಂಡಿದ್ದೂ ಅಲ್ಲ ಮೇಡಂ. ನಾನು ಅವರನ್ನ ಕೇಳೇ ಇರ್ಲಿಲ್ಲ. ನಿನ್ನೆನೂ ಕೇಳ್ಲಿಲ್ಲ, ಈ ವಾರ ಪೂರ್ತಿ ಕೇಳ್ಲಿಲ್ಲ. ಕೇಳಿದ್ರೆ ಹೋಗ್ತೀನಿ ಅಂದ್ಬಿಡ್ತಾರೆ ಅಂತ ಗೊತ್ತಿತ್ತು.

ಹಾಂ? ಇದ್ದಾರೆ ಮೇಡಂ. ಕೊಡ್ತೀನಿ.

ರಕ್ಷಿ... ತಗೋ. ನಿನ್ನನ್ನೇ ಕೇಳ್ಬೇಕಂತೆ.